ಹಂಟರ್‌ಗೆ ಎರಡನೇ ಸೀಟು: ರೆಸಿನ್ ಕನ್ವರ್ಷನ್ ಸೆಟ್ ಕೂರಿಸುವ ಸಮಗ್ರ ಮಾರ್ಗದರ್ಶಿ

ಪುಟ್ಟ ಪ್ಲಾಸ್ಟಿಕ್ ವಿಮಾನ ಕಟ್ಟಲು ದುಡ್ಡು ಕೊಟ್ಟು ತಂದ ಹೊಸ ಕಿಟ್. ಡಬ್ಬಿ ಬಿಚ್ಚಿ, ನೆಟ್ಟಗಿರುವ ಅದರ ಮೂತಿಯನ್ನು ಗರಗಸದಲ್ಲಿ ಕೊಯ್ದು ಪಕ್ಕಕ್ಕಿಟ್ಟು, ಆ ಜಾಗಕ್ಕೆ ರೆಸಿನ್‌ನಲ್ಲಿ (ಎರಕ ಹೊಯ್ಯುವ ಗಟ್ಟಿ ರಾಳ) ಮಾಡಿದ ಬೇರೆ ಮೂತಿ ಕೂರಿಸಬೇಕು. ರೆಸಿನ್ ಕನ್ವರ್ಷನ್ ಅಂದರೆ ಹೆಚ್ಚುಕಮ್ಮಿ ಇಷ್ಟೇ. ಮನೆಯವರು ನೋಡಿದರೆ "ಚೆನ್ನಾಗಿರೋದನ್ನ ಯಾಕೆ ಹಾಳು ಮಾಡ್ತಿದ್ದೀರಿ?" ಅಂತ ಕೇಳುತ್ತಾರೆ. ನನ್ನ ಮೊದಲ ಸೆಟ್ ಮೂರು ತಿಂಗಳು ಕಪಾಟಿನಲ್ಲೇ ಕೂತಿತ್ತು. ಕೊಯ್ಯೋಕೆ ಕೈ ಬರಲಿಲ್ಲ. ಆಮೇಲೆ ಒಂದು ಭಾನುವಾರ ಕೊಯ್ದೆ, ತಪ್ಪು ಜಾಗದಲ್ಲಿ. ಆ ಕಥೆ ಮುಂದೆ ಬರುತ್ತದೆ.

ದೊಡ್ಡ ಕಂಪನಿಗಳು ಜಾಸ್ತಿ ಮಾರಾಟವಾಗುವ ಮಾದರಿಯನ್ನಷ್ಟೇ ಪ್ಲಾಸ್ಟಿಕ್‌ನಲ್ಲಿ ಮಾಡುತ್ತವೆ. ಲೋಹದ ಅಚ್ಚಿಗೆ ಬಹಳ ಖರ್ಚು. ಅಪರೂಪದ ಮಾದರಿ ಬೇಕು ಅನ್ನುವವರಿಗೆ ಚಿಕ್ಕ ಚಿಕ್ಕ ತಯಾರಕರು ಬೇಕಾದ ಭಾಗವನ್ನು ಮಾತ್ರ ರೆಸಿನ್‌ನಲ್ಲಿ ಎರಕ ಹೊಯ್ದು ಮಾರುತ್ತಾರೆ. ಅವರ ಅಚ್ಚು ಸಿಲಿಕೋನ್ ರಬ್ಬರಿನದು. ಕೆಲವು ಡಜನ್ ಎರಕಕ್ಕೇ ಅದು ಹರಿದು ಹೋಗುತ್ತದೆ. ಸೆಟ್‌ಗಳು ದುಬಾರಿ ಯಾಕೆ, ಇವತ್ತು ಇದ್ದದ್ದು ನಾಳೆ ಯಾಕೆ ಸಿಗಲ್ಲ ಅನ್ನೋದಕ್ಕೆ ಇದೇ ಕಾರಣ.

ಇಲ್ಲಿ ಒಂದೇ ಒಂದು ವಿಮಾನ ಹಿಡಿದು ಹೇಳುತ್ತೇನೆ: ಭಾರತೀಯ ವಾಯುಪಡೆಯ ಎರಡು ಸೀಟಿನ ಹಾಕರ್ ಹಂಟರ್ ಟಿ.66. ಬೇರೆ ವಿಮಾನ ಮಾಡುವವರಿಗೂ ಕೆಲಸದ ದಾರಿ ಇದೇ. ಅಳತೆಗಳು ಮಾತ್ರ ಬದಲಾಗುತ್ತವೆ.

ಯಾಕೆ ಹಂಟರ್?

ಸಿಡ್ನಿ ಕ್ಯಾಮ್ ವಿನ್ಯಾಸ ಮಾಡಿದ ಹಂಟರ್ ಮೊದಲು ಹಾರಿದ್ದು 1951ರ ಜುಲೈ 20ರಂದು. ಭಾರತ 1957ರಲ್ಲಿ 160 ಹಂಟರ್‌ಗಳಿಗೆ ಆರ್ಡರ್ ಕೊಟ್ಟಿತು. ಅವು ಒಂದು ಸೀಟಿನವು, ಹೆಸರು ಎಫ್.56. ತರಬೇತಿಗೆ ಅಂತ 22 ಎರಡು ಸೀಟಿನ ಟಿ.66 ಬಂದವು. 1971ರ ಡಿಸೆಂಬರ್‌ನಲ್ಲಿ ಲೊಂಗೇವಾಲದ ಮರಳಿನಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳನ್ನು ಅಟ್ಟಾಡಿಸಿದ ಹಂಟರ್‌ಗಳೂ ತರಬೇತಿ ಘಟಕದಿಂದ ಜೈಸಲ್ಮೇರ್‌ಗೆ ಬಂದವೇ. ನಮ್ಮ ಕಡೆಯವರಿಗೆ ಇನ್ನೊಂದು ನಂಟಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಮಗ ನಂದಾ ಕಾರ್ಯಪ್ಪ 1965ರ ಯುದ್ಧದಲ್ಲಿ ಹೊಡೆತ ತಿಂದು ಬಿದ್ದು ಸೆರೆಯಾದಾಗ ಹಾರಿಸುತ್ತಿದ್ದದ್ದು ಹಂಟರ್. ನನ್ನ ಕಪಾಟಿನಲ್ಲಿ ಒಂದು ಸೀಟಿನ ಹಂಟರ್ ಮೊದಲೇ ಇತ್ತು. ಪಕ್ಕದಲ್ಲಿ ಜೋಡಿ ಸೀಟಿನದೂ ಇರಲಿ ಅನ್ನಿಸಿತು.

ಕನ್ವರ್ಷನ್ ಕಲಿಯೋಕೆ ಇದು ಒಳ್ಳೆ ವಿಮಾನ. ನಿಜವಾದ ಹಂಟರ್‌ನ ಬಾಡಿಯನ್ನೇ ಮೂರು ತುಂಡಾಗಿ ಕಟ್ಟಿ ಬೋಲ್ಟ್ ಹಾಕಿ ಕೂಡಿಸುತ್ತಿದ್ದರು. ಎರಡು ಸೀಟಿನದು ಬೇಕಾದಾಗ ಹಾಕರ್ ಎಂಜಿನಿಯರ್‌ಗಳು ಮುಂದಿನ ತುಂಡನ್ನು ಬದಲಾಯಿಸಿ, ಅಕ್ಕಪಕ್ಕ ಸೀಟಿರುವ ಅಗಲದ ಮೂತಿ ಕೂರಿಸಿದರು. ಹಾಗೆ ಮಾಡಿದ ಮೊದಲ ವಿಮಾನ ಹಾರಿದ್ದು 1955ರ ಜುಲೈ 8ರಂದು. ಅವರು ಮಾಡಿದ್ದನ್ನೇ ನಾವು ಮೇಜಿನ ಮೇಲೆ ಮಾಡುತ್ತೇವೆ.

ಯಾವ ಕಿಟ್ ಸರಿಹೊಂದುತ್ತದೆ

ಕನ್ವರ್ಷನ್ ಸೆಟ್ಟನ್ನು ಇಂಥ ಕಿಟ್‌ಗೆ ಅಂತಲೇ ಮಾಡಿರುತ್ತಾರೆ. 1/72 ಅಳತೆಯಲ್ಲಿ (ನಿಜವಾದ ವಿಮಾನದ 72ರಲ್ಲಿ ಒಂದು ಭಾಗ) ರೆವೆಲ್ ಕಂಪನಿಯ ಹಂಟರ್, 1/48ರಲ್ಲಿ ಅಕಾಡೆಮಿ ಅಥವಾ ಏರ್‌ಫಿಕ್ಸ್ ಹಂಟರ್ ಸಿಗುತ್ತವೆ. ಅಕಾಡೆಮಿಗೆ ಅಂತ ಮಾಡಿದ ಮೂತಿ ಏರ್‌ಫಿಕ್ಸ್ ಬಾಡಿಗೆ ಸರಿಯಾಗಿ ಕೂರುತ್ತದೆ ಅಂತ ಅಂದುಕೊಳ್ಳಬೇಡಿ. ಸೆಟ್ ಮೊದಲು ಕೊಳ್ಳಿ, ಅದಕ್ಕೆ ತಕ್ಕ ಕಿಟ್ ಆಮೇಲೆ. ಕಿಟ್ ಯಾವಾಗಲಾದರೂ ಸಿಗುತ್ತದೆ, ಸೆಟ್ ಹಾಗಲ್ಲ.

ಇಲ್ಲಿ ಟಿ.66 ಮಾಡುವವರಿಗೆ ಒಂದು ಲಾಭ ಇದೆ. ಬ್ರಿಟನ್ನಿನ ಎರಡು ಸೀಟಿನ ಹಂಟರ್ ಟಿ.7ರಲ್ಲಿ ಏವನ್ ಎಂಜಿನ್ನಿನ ಹಳೇ 100 ಸರಣಿ ಇತ್ತು, ಹಾಗಾಗಿ ಬಾಲದ ಕೊಳವೆ ಸಣ್ಣದು. ಒಂದು ಸೀಟಿನ ಎಫ್.6 ಹಂಟರ್ ಕಿಟ್ ಹಿಡಿದು ಟಿ.7 ಮಾಡಬೇಕಾದರೆ ಮೂತಿಯ ಜೊತೆ ಬಾಲವನ್ನೂ ಕೊಯ್ಯಬೇಕು. ಭಾರತದ ಟಿ.66ಕ್ಕೆ ಎಫ್.6ರಲ್ಲಿದ್ದ 200 ಸರಣಿಯ ಎಂಜಿನ್ನೇ ಇತ್ತು. ಅಂದರೆ ಎಫ್.6 ಅಥವಾ ಅದರದೇ ನಂತರದ ರೂಪವಾದ ಎಫ್.ಜಿ.ಎ.9 ಕಿಟ್‌ನ ಹಿಂಭಾಗ ಹಾಗೇ ಉಳಿಯುತ್ತದೆ. ಕೊಯ್ಯುವುದು ಒಂದೇ ಕಡೆ. ಸೆಟ್ ಜೊತೆ ಸಣ್ಣ ರೆಸಿನ್ ಬಾಲ ಬಂದರೆ ಪಕ್ಕಕ್ಕಿಡಿ. ಬಾಲದ ಮೇಲೆ ಬ್ರೇಕ್ ಪ್ಯಾರಾಶೂಟ್ ಇಡುವ ಉಬ್ಬಿನ ಭಾಗ ಮಾತ್ರ ಬೇಕು. ಎಫ್.ಜಿ.ಎ.9 ಕಿಟ್ ಆದರೆ ಅದು ಡಬ್ಬಿಯಲ್ಲೇ ಇರುತ್ತದೆ.

ಬಂದೂಕಿನ ವಿಚಾರವೂ ಹಾಗೇ. ಒಂದು ಸೀಟಿನ ಹಂಟರ್‌ನಲ್ಲಿ ನಾಲ್ಕು 30 ಎಂಎಂ ಏಡನ್ ಫಿರಂಗಿ, ಟಿ.7ರಲ್ಲಿ ಬಲಗಡೆ ಒಂದೇ. ಟಿ.66ಕ್ಕೆ ಎರಡು. ನೀವು ಮಾಡುವ ವಿಮಾನದ ಫೋಟೊ ಒಂದಾದರೂ ಎದುರಿಗೆ ಇಟ್ಟುಕೊಳ್ಳಿ. ಬ್ರಿಟಿಷ್ ವಿಮಾನ ನೋಡಿ ಮಾಡಿದ ಸೆಟ್‌ನಲ್ಲಿ ಎಡಗಡೆ ಫಿರಂಗಿ ಇರುವುದಿಲ್ಲ, ಅದನ್ನು ನೀವೇ ಮಾಡಬೇಕಾಗಬಹುದು. ಕಿಟ್‌ನಲ್ಲಿ ಹೊಟ್ಟೆಯ ಕೆಳಗೆ ಅಂಟಿಸೋಕೆ ಕೊಟ್ಟ ಎರಡು ಉಬ್ಬುಗಳನ್ನು ಈಗಲೇ ಅಂಟಿಸಬೇಡಿ. ಗುಂಡಿನ ಪಟ್ಟಿಯ ಕೊಂಡಿಗಳು ಬಂದು ಬೀಳುವ ಡಬ್ಬ ಅದು. ಬ್ರಿಟಿಷರು ಆ ಕಾಲದ ಒಬ್ಬ ನಟಿಯ ಹೆಸರಲ್ಲಿ ಅದನ್ನು 'ಸಬ್ರಿನಾ' ಅಂತ ಕರೆಯುತ್ತಿದ್ದರು. ಅದು ಬೇಕೋ ಬೇಡವೋ ಅನ್ನೋದನ್ನು ಫೋಟೊ ನೋಡಿ ನಿರ್ಧರಿಸಿ.

ಮೇಜಿನ ಮೇಲೆ

ಮಾಮೂಲಿ ಕಿಟ್ ಸಾಮಾನಿನ ಜೊತೆ ಇಷ್ಟು ಬೇಕು: ತೆಳುವಾದ, ಸಣ್ಣ ಹಲ್ಲಿನ ಗರಗಸ. ಕೈಯಲ್ಲೇ ತಿರುಗಿಸುವ ಪುಟ್ಟ ಡ್ರಿಲ್, 1 ಎಂಎಂ ಮತ್ತು 1.5 ಎಂಎಂ ಬಿಟ್. 1 ಎಂಎಂ ಹಿತ್ತಾಳೆ ತಂತಿ. 0.25 ಮತ್ತು 1 ಎಂಎಂ ದಪ್ಪದ ಪ್ಲಾಸ್ಟಿಕ್ ಹಾಳೆ. ವಾಟರ್ ಪೇಪರ್ 400ರಿಂದ 2000 ನಂಬರ್ ತನಕ. ಒಂದು ದಪ್ಪ ಗಾಜಿನ ತುಂಡು. ಗಾಜನ್ನು ಕಿಟಕಿ ಗಾಜಿನ ಅಂಗಡಿಯಲ್ಲಿ ಅಂಚು ಉಜ್ಜಿಸಿ ತನ್ನಿ. ವಾಟರ್ ಪೇಪರ್, ಪುಟ್ಟಿ, ಪ್ರೈಮರ್ ಎಲ್ಲಾ ಕಾರಿಗೆ ಬಣ್ಣ ಹೊಡೆಯುವವರ ಅಂಗಡಿಯಲ್ಲಿ ಸಿಗುತ್ತವೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೆ ಒಂದು ಸುತ್ತು ಹಾಕಿದರೆ ಸಾಕು.

ಅಂಟಿನ ವಿಷಯ ಮಾತ್ರ ನೆನಪಿಡಿ. ಪ್ಲಾಸ್ಟಿಕ್ ಕಿಟ್‌ಗೆ ಹಾಕುವ ಸಿಮೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ರೆಸಿನ್ ಅದಕ್ಕೆ ಕರಗಲ್ಲ. ರೆಸಿನ್ ಇರುವ ಕಡೆ ಫೆವಿಕ್ವಿಕ್ ತರದ ಸೂಪರ್ ಗ್ಲೂ ಇಲ್ಲವೇ ಅರಾಲ್ಡೈಟ್ ತರದ ಎರಡು ಟ್ಯೂಬಿನ ಅಂಟೇ ಬೇಕು. ಸೂಪರ್ ಗ್ಲೂ ಗಾಳಿಯ ತೇವಕ್ಕೆ ಗಟ್ಟಿಯಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದುಬಿಡುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಸ್ವಲ್ಪ ಕಾಯಿಸುತ್ತದೆ.

ಸೆಟ್ ಬಂದ ದಿನ

ಮೊದಲು ಎಣಿಸಿ. ಸೂಚನೆ ಹಾಳೆ ಹಿಡಿದು ಒಂದೊಂದೇ ತುಂಡು ಟಿಕ್ ಮಾಡಿ. ಪುಟ್ಟ ತುಂಡುಗಳು ಎರಕದ ತೆಳು ಪೊರೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಕಸ ಅಂತ ಎಸೆದರೆ ಕಂಟ್ರೋಲ್ ಹಿಡಿಕೆ ಹೋಯಿತು.

ಆಮೇಲೆ ಬೆಳಕಿಗೆ ಹಿಡಿದು ಗಾಳಿ ಗುಳ್ಳೆ ಹುಡುಕಿ. ಮೇಲ್ಮೈ ಮೇಲಿನ ತೂತು ಕಾಣುತ್ತದೆ. ಒಳಗಿನದು ಕಾಣಲ್ಲ, ಉಜ್ಜುವಾಗ ಬಾಯಿ ತೆರೆಯುತ್ತದೆ. ಅದಕ್ಕೆ ಆಗಲೇ ಮದ್ದು ಮಾಡಿದರಾಯಿತು.

ಸೊಟ್ಟಗಿದ್ದರೆ ಗಾಬರಿ ಬೇಡ. ಕುಡಿಯೋಕೆ ಆಗದಷ್ಟು ಬಿಸಿ, ಆದರೆ ಕುದಿಯದ ನೀರಲ್ಲಿ ಒಂದು ನಿಮಿಷ ಮುಳುಗಿಸಿ. ರೆಸಿನ್ ಬಿಸಿ ಚಪಾತಿಯ ಹಾಗೆ ಮೆತ್ತಗಾಗುತ್ತದೆ. ಗಾಜಿನ ಮೇಲಿಟ್ಟು ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಬೆರಳು ಸುಟ್ಟುಕೊಳ್ಳಬೇಡಿ, ಇಕ್ಕಳ ಬಳಸಿ. ದೊಡ್ಡ ಮೂತಿ ಒಂದೇ ಸಲಕ್ಕೆ ಬಗ್ಗಲ್ಲ. ಎರಡು ಮೂರು ಸಲ ಮಾಡಿ.

ಕೊನೆಗೆ ಸ್ನಾನ. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಅಚ್ಚಿಗೆ ಎಣ್ಣೆಯಂಥದ್ದು ಹಚ್ಚಿರುತ್ತಾರೆ. ಅದು ರೆಸಿನ್ ಮೇಲೆ ಉಳಿದರೆ ಅಂಟೂ ಹಿಡಿಯಲ್ಲ, ಬಣ್ಣವೂ ಹಿಡಿಯಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್, ಉಗುರುಬೆಚ್ಚಗಿನ ನೀರು, ಹಳೇ ಟೂತ್‌ಬ್ರಷ್. ಸಿಂಕ್‌ನಲ್ಲಿ ಬೇಡ, ಬೋಗುಣಿಯಲ್ಲಿ ತೊಳೆಯಿರಿ. ಯಾಕೆ ಅಂತ ಗೊತ್ತಾಗಬೇಕಾದರೆ ಒಂದು ಸಲ ಸಿಂಕ್ ಪೈಪ್ ಬಿಚ್ಚಿ ಪುಟ್ಟ ಸೀಟು ಹುಡುಕಬೇಕು. ನಾನು ಹುಡುಕಿದ್ದೇನೆ.

ಎರಕದ ಬುಡ ತೆಗೆಯುವುದು

ರೆಸಿನ್ ಹೊಯ್ದ ಜಾಗದಲ್ಲಿ ದಪ್ಪ ಬುಡ ಉಳಿದಿರುತ್ತದೆ. ಅದನ್ನು ಕತ್ತರಿಸಬೇಕು. ಇಲ್ಲಿಂದ ಧೂಳು ಶುರು. ರೆಸಿನ್ ಧೂಳು ತುಂಬಾ ಸಣ್ಣ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎನ್95 ಮಾಸ್ಕ್ ಹಾಕಿ. ಸಾಧ್ಯವಾದಷ್ಟೂ ನೀರು ಹಾಕಿ ಉಜ್ಜಿ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಫ್ಯಾನ್ ಹಾಕಿಕೊಂಡು ಕೂರೋದೂ ಬೇಡ.

ಬುಡವನ್ನು ಒಂದೇ ಕಡೆಯಿಂದ ಕೊಯ್ದರೆ ಗರಗಸ ಓರೆ ಹೋಗುತ್ತದೆ. ಸುತ್ತಲೂ ಸ್ವಲ್ಪ ಸ್ವಲ್ಪ ಗೀರಿ, ತಿರುಗಿಸುತ್ತಾ ಕೊಯ್ಯಿರಿ. ಗೆರೆಯಿಂದ ಒಂದು ಎಂಎಂ ಹೊರಗೇ ಇರಲಿ. ಉಳಿದದ್ದನ್ನು ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಚಿಮುಕಿಸಿ, ಎಂಟರ ಆಕಾರದಲ್ಲಿ ಉಜ್ಜಿ ಇಳಿಸಿ. ನಾಲ್ಕು ಉಜ್ಜಿಗೊಮ್ಮೆ ತುಂಡನ್ನು ಕಾಲು ಸುತ್ತು ತಿರುಗಿಸಿ ಹಿಡಿಯಿರಿ. ಇಲ್ಲದಿದ್ದರೆ ಬೆರಳು ಜೋರಾಗಿ ಒತ್ತುವ ಕಡೆಯೇ ಜಾಸ್ತಿ ಸವೆಯುತ್ತದೆ. ಮೂತಿಯ ಹಿಂಭಾಗ ಪೂರ್ತಿ ಸಮ ಇರಬೇಕು, ಮುಂದಿನ ಕೆಲಸವೆಲ್ಲಾ ಇದರ ಮೇಲೇ ನಿಂತಿದೆ.

ಕೊಯ್ಯುವ ಮೊದಲು ಅಳತೆ

ನನ್ನ ಮೊದಲ ಕನ್ವರ್ಷನ್ ಕೆಟ್ಟದ್ದು ಇಲ್ಲೇ. ಸೂಚನೆ ಹಾಳೆಯ ಚಿತ್ರದಲ್ಲಿ ಬಾಣದ ಗುರುತಿದ್ದ ಗೆರೆ ಒಂದು, ನಾನು ಕೊಯ್ದ ಗೆರೆ ಅದರ ಪಕ್ಕದ್ದು. ಎರಡರ ನಡುವೆ 4 ಎಂಎಂ. ಕೂಡಿಸಿದಾಗ ವಿಮಾನ ಕತ್ತು ಕುಗ್ಗಿಸಿ ಕೂತ ಹಾಗಿತ್ತು. ಬೇರೆಯವರ ಕಣ್ಣಿಗೆ ಅದು ಬೀಳಲೇ ಇಲ್ಲ, ನನಗೆ ಮಾತ್ರ ಬೇರೇನೂ ಕಾಣುತ್ತಿರಲಿಲ್ಲ.

ಅದಕ್ಕೇ ಈಗ ಲೆಕ್ಕ ಮೊದಲು. ಒಂದು ಸೀಟಿನ ಹಂಟರ್‌ನ ಉದ್ದ 45 ಅಡಿ 10.5 ಇಂಚು. ಎರಡು ಸೀಟಿನದು 48 ಅಡಿ 10.5 ಇಂಚು. ವ್ಯತ್ಯಾಸ ಸರಿಯಾಗಿ 3 ಅಡಿ, ಅಂದರೆ 914 ಎಂಎಂ. ಅದನ್ನು 48ರಿಂದ ಭಾಗಿಸಿದರೆ 19 ಎಂಎಂ. 72ರಿಂದ ಭಾಗಿಸಿದರೆ 12.7 ಎಂಎಂ. ಹಾಗಾಗಿ 1/48ರಲ್ಲಿ ಒಂದು ಸೀಟಿನ ಮಾಡೆಲ್ ಸುಮಾರು 291 ಎಂಎಂ, ಜೋಡಿ ಸೀಟಿನದು 310 ಎಂಎಂ. 1/72ರಲ್ಲಿ 194 ಮತ್ತು 207.

ಈ ಸಂಖ್ಯೆ ಹೀಗೆ ಉಪಯೋಗಕ್ಕೆ ಬರುತ್ತದೆ. ಬಾಡಿಯ ಎರಡು ಅರ್ಧಗಳನ್ನು ಟೇಪ್ ಹಾಕಿ ಕೂಡಿಸಿ. ರೆಸಿನ್ ಮೂತಿಯನ್ನು ಪಕ್ಕದಲ್ಲಿ ಮಲಗಿಸಿ. ರೆಸಿನ್ ಮೂತಿಯ ಉದ್ದದಿಂದ 19 ಎಂಎಂ (1/72 ಆದರೆ 12.7) ಕಳೆಯಿರಿ. ಬಂದಷ್ಟು ಉದ್ದವನ್ನು ಕಿಟ್‌ನ ಮೂತಿಯ ತುದಿಯಿಂದ ಹಿಂದಕ್ಕೆ ಅಳೆಯಿರಿ. ಅಲ್ಲಿ ಒಂದು ಪ್ಯಾನಲ್ ಗೆರೆ (ವಿಮಾನದ ತಗಡುಗಳು ಕೂಡುವ ಗೆರೆ) ಸಿಗಬೇಕು. ಸಿಕ್ಕಿದ ಗೆರೆಯೂ ಸೂಚನೆ ಹಾಳೆಯ ಗೆರೆಯೂ ಒಂದೇ ಆದರೆ ಧೈರ್ಯವಾಗಿ ಮುಂದುವರಿಯಿರಿ. ಅರ್ಧ ಎಂಎಂ ಹೆಚ್ಚುಕಮ್ಮಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಎರಡು ಮೂರು ಎಂಎಂ ವ್ಯತ್ಯಾಸ ಬಂದರೆ ಗರಗಸ ಕೆಳಗಿಡಿ. ಚಹಾ ಕುಡಿದು ಬಂದು ಮತ್ತೆ ಅಳೆಯಿರಿ.

ಕೊಯ್ಯುವಾಗ

ಟೇಪ್ ಹಾಕಿ ಕೂಡಿಸಿದ ಬಾಡಿಯ ಸುತ್ತ, ಆ ಗೆರೆಯ ಹಿಂಬದಿಗೆ, ದಪ್ಪನೆಯ ಗಟ್ಟಿ ಟೇಪ್ ಒಂದು ಸುತ್ತು ಹಾಕಿ. ಸುತ್ತಿ ಬಂದ ತುದಿ ಶುರುವಾದ ಜಾಗಕ್ಕೇ ಸರಿಯಾಗಿ ಬಂದು ಕೂತರೆ ಗೆರೆ ನೇರ ಇದೆ ಅಂತ ಅರ್ಥ. ಸ್ವಲ್ಪ ಜಾರಿದ್ದರೂ ಬಿಚ್ಚಿ ಮತ್ತೆ ಸುತ್ತಿ. ಪಂಚೆ ಉಟ್ಟ ಹಾಗೆ, ಶುರು ಸರಿ ಇಲ್ಲದಿದ್ದರೆ ಕೊನೆಗೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

ಟೇಪಿನ ಅಂಚಿಗೆ ಒತ್ತಿ ದಪ್ಪ ಸೂಜಿಯಿಂದ ಹಗುರವಾಗಿ ಹತ್ತು ಸಲ ಗೀರಿ. ಸೂಜಿ ಮಾಡಿದ ಕಾಲುವೆಯೇ ಗರಗಸಕ್ಕೆ ದಾರಿ. ಈಗ ಅರ್ಧಗಳನ್ನು ಬೇರೆ ಮಾಡಿ, ಒಂದೊಂದನ್ನೇ ಕೊಯ್ಯಿರಿ. ಕೂಡಿಸಿ ಅಂಟು ಹಾಕಿದ ಮೇಲೆ ಕೊಯ್ಯುವವರೂ ಇದ್ದಾರೆ. ದುಂಡು ಆಕಾರ ಕೆಡಲ್ಲ ಅನ್ನೋದು ಅವರ ವಾದ. ನನಗೆ ಅರ್ಧ ಅರ್ಧ ಕೊಯ್ಯುವುದೇ ಇಷ್ಟ. ಗರಗಸ ಎಲ್ಲಿ ಹೋಗುತ್ತಿದೆ ಅಂತ ಎರಡೂ ಬದಿಯಿಂದ ಕಾಣುತ್ತದೆ, ಅಲ್ವಾ?

ಗರಗಸ ಒತ್ತಬೇಡಿ. ಅದರ ತೂಕವೇ ಸಾಕು. ಜೋರು ಮಾಡಿದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಇಲ್ಲಿಯೂ ಗೆರೆಯಿಂದ ಒಂದು ಎಂಎಂ ಮುಂದೆ, ಅಂದರೆ ಎಸೆಯುವ ಮೂತಿಯ ಕಡೆ, ಕೊಯ್ಯಿರಿ. ಆಮೇಲೆ ಎರಡು ಅರ್ಧವನ್ನೂ ಮತ್ತೆ ಟೇಪ್ ಹಾಕಿ ಕೂಡಿಸಿ, ಗಾಜಿನ ಮೇಲೆ ಒಟ್ಟಿಗೇ ಉಜ್ಜಿ ಗೆರೆಗೆ ಇಳಿಸಿ. ಒಟ್ಟಿಗೆ ಉಜ್ಜಿದರೆ ಎಡ ಬಲ ಸಮ ಬರುತ್ತದೆ.

ಎರಡು ಸೀಟಿನ ಹಂಟರ್‌ಗೆ ಕ್ಯಾನೊಪಿಯ (ಪೈಲಟ್‌ಗಳ ತಲೆ ಮೇಲಿನ ಪಾರದರ್ಶಕ ಮುಚ್ಚಳ) ಹಿಂದೆ ಬೆನ್ನ ಮೇಲೆ ಉಬ್ಬಿದ ಮುಚ್ಚಿಗೆ ಇದೆ. ಮೊದಲ ವಿಮಾನದಲ್ಲಿ ಅಗಲದ ಕ್ಯಾನೊಪಿಯ ಹಿಂದೆ ಗಾಳಿ ಸುಳಿ ಸುತ್ತಿ ವಿಮಾನ ನಡುಗುತ್ತಿತ್ತು. ಆಕಾರ ತಿದ್ದಿ ತಿದ್ದಿ ಕೊನೆಗೆ ಈ ರೂಪಕ್ಕೆ ತಂದರು. ಕೆಲವು ಸೆಟ್‌ಗಳಲ್ಲಿ ಈ ಬೆನ್ನು ಮೂತಿಯ ಜೊತೆಗೇ ಹಿಂದಕ್ಕೆ ನಾಲಿಗೆಯಂತೆ ಚಾಚಿರುತ್ತದೆ, ಇನ್ನು ಕೆಲವಲ್ಲಿ ಬೇರೆ ತುಂಡು. ನಾಲಿಗೆ ಇದ್ದರೆ ಕಿಟ್‌ನ ಬೆನ್ನಲ್ಲೂ ಅಷ್ಟೇ ಜಾಗ ಕೊರೆಯಬೇಕು. ಕಾಗದದ ಮೇಲೆ ನಾಲಿಗೆಯ ಆಕಾರ ಬರೆದು, ಕತ್ತರಿಸಿ, ಬಾಡಿಗೆ ಅಂಟಿಸಿ, ಅದರ ಒಳಗಡೆಯೇ ಕೊರೆಯಿರಿ. ಸ್ವಲ್ಪ ಸ್ವಲ್ಪ ಅರದಿಂದ ಉಜ್ಜಿ ದೊಡ್ಡದು ಮಾಡಿ.

ಕಾಕ್‌ಪಿಟ್, ಬೇಗ ಬೇಗ

ಮೂತಿ ಕೂಡಿಸುವ ಮೊದಲೇ ಕಾಕ್‌ಪಿಟ್ ಒಳಗೆ ಹೋಗಬೇಕು, ಕೆಲವು ಸೆಟ್‌ಗಳಲ್ಲಿ ಅದು ಹಿಂದಿನಿಂದಲೇ ತೂರುತ್ತದೆ. ತುರ್ತಿನಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಮಾರ್ಟಿನ್ ಬೇಕರ್ ಮಾರ್ಕ್ 4 ಸೀಟುಗಳು ಎರಡು, ಅಕ್ಕಪಕ್ಕ. ಒಳಗೆಲ್ಲಾ ಕಪ್ಪು ಹೊಡೆದರೆ ಏನೂ ಕಾಣಲ್ಲ. ಗಾಢ ಬೂದು ಹೊಡೆದು, ಅಂಚುಗಳಿಗೆ ಒಣ ಬ್ರಷ್‌ನಲ್ಲಿ ತಿಳಿ ಬೂದು ಸವರಿ. ಸೀಟುಗಳನ್ನು ಈಗ ಅಂಟಿಸಬೇಡಿ. ಬಣ್ಣ ಹೊಡೆದು ಡಬ್ಬಿಯಲ್ಲಿಟ್ಟು, ಕೊನೆಗೆ ಮೇಲಿನಿಂದ ಇಳಿಸಿ. ಕಾಕ್‌ಪಿಟ್ ತೊಟ್ಟಿ ಮೂತಿಯ ಒಳಗೆ ಕೂರದಿದ್ದರೆ ತೊಟ್ಟಿಯ ಅಡಿ ಉಜ್ಜಿ, ಮೂತಿಯ ಒಳಗೋಡೆಯನ್ನಲ್ಲ. ಗೋಡೆ ತೆಳುವಾದರೆ ಹೊರಗಿನಿಂದ ಬೆರಳು ಒತ್ತಿದಾಗ ಬಿರುಕು ಬಿಡುತ್ತದೆ.

ಕೂಡಿಸುವುದು

ಅರ್ಧ ದಿನ ಬಿಡುವಿರುವಾಗ ಕೂರಿ. ರೆಸಿನ್ ಮೂತಿ ಟೊಳ್ಳಾಗಿದ್ದರೆ ಮೊದಲು ಮುಂದಿರುವ 'ತೂಕ' ಭಾಗ ಓದಿಕೊಳ್ಳಿ. ಇದೊಂದು ಜೋಡಣೆ ಸರಿಯಾದರೆ ಉಳಿದದ್ದು ಮಾಮೂಲಿ ಕಿಟ್ ಕೆಲಸ.

ಬಾಡಿಯ ಎರಡು ಅರ್ಧ ಈಗ ಅಂಟಿಸಿ. ಅಂಟು ಒಣಗುವ ತನಕ ಮುಂದಿನ ಬಾಯಿಗೆ ರೆಸಿನ್ ಮೂತಿಯನ್ನು ಟೇಪ್ ಹಾಕಿ ಹಿಡಿಸಿಡಿ. ಮೂತಿಯ ದುಂಡಿಗೆ ತಕ್ಕಂತೆ ಬಾಯಿಯೂ ಇರುತ್ತದೆ. ಬಾಡಿ ಸ್ವಲ್ಪ ಸಣ್ಣದಾಗಿದ್ದರೆ ಅರ್ಧಗಳ ನಡುವೆ 0.25 ಎಂಎಂ ಪ್ಲಾಸ್ಟಿಕ್ ಪಟ್ಟಿ ಸೇರಿಸಿ ಅಗಲ ಮಾಡಬಹುದು. ಬಾಡಿಯೇ ದೊಡ್ಡದಾದರೆ ಒಳಗಿನಿಂದ ಏನೂ ಮಾಡಲಾಗಲ್ಲ, ಆಮೇಲೆ ಪುಟ್ಟಿಯೇ ಗತಿ.

ಒಣಗಿದ ಮೇಲೆ 1 ಎಂಎಂ ಪ್ಲಾಸ್ಟಿಕ್ ಹಾಳೆಯಿಂದ ಬಾಯಿಯ ಆಕಾರದ ತಟ್ಟೆ ಕತ್ತರಿಸಿ ಒಳಗೆ ಅಂಟಿಸಿ, ಅಂಚಿಗೆ ಸಮವಾಗಿ. ಬರೀ ತೆಳು ಅಂಚಿಗೆ ಅಂಟು ಹಾಕಿದರೆ ಮೂತಿ ಒಂದು ದಿನ ಕೈಯಲ್ಲೇ ಬರುತ್ತದೆ. ತಟ್ಟೆ ಇದ್ದರೆ ಅಂಟಿಗೆ ಪೂರ್ತಿ ಜಾಗ.

ಈಗ ಮೊಳೆ. ರೆಸಿನ್ ಮೂತಿಯ ಹಿಂಭಾಗದಲ್ಲಿ, ದಪ್ಪ ಇರುವ ಕಡೆ, 1 ಎಂಎಂ ತೂತು ಎರಡು ಕೊರೆಯಿರಿ. ಹಿತ್ತಾಳೆ ತಂತಿಯ ಗಿಡ್ಡ ತುಂಡುಗಳನ್ನು ಅಂಟು ಹಾಕದೆ ಕೂರಿಸಿ, ಸದ್ಯಕ್ಕೆ ಒಂದು ಎಂಎಂ ಮಾತ್ರ ಹೊರಗೆ ಕಾಣಲಿ. ಇದಿರು ಕಡೆ ಎಲ್ಲಿ ಕೊರೆಯಬೇಕು ಅಂತ ಗೊತ್ತಾಗೋದು ಹೇಗೆ? ದೇವರ ಮನೆಯಿಂದ ಒಂದು ಚಿಟಿಕೆ ಕುಂಕುಮ ತಂದು ಒಂದು ಹನಿ ನೀರಲ್ಲಿ ಕಲಸಿ. ತಂತಿಯ ತುದಿಗೆ ಕಡ್ಡಿಯಿಂದ ಮುಟ್ಟಿಸಿ. ಮೂತಿಯನ್ನು ಸರಿಯಾದ ಜಾಗಕ್ಕೆ ತಂದು ಒಮ್ಮೆ ಒತ್ತಿ ತೆಗೆಯಿರಿ. ಬಿಳಿ ತಟ್ಟೆಯ ಮೇಲೆ ಎರಡು ಕೆಂಪು ಬೊಟ್ಟು. ಅಲ್ಲಿ 1.5 ಎಂಎಂ ತೂತು ಕೊರೆಯಿರಿ. ತಂತಿಗಿಂತ ತೂತು ದೊಡ್ಡದಿರೋದು ತಪ್ಪಲ್ಲ, ಬೇಕಂತಲೇ. ಆ ಅರ್ಧ ಎಂಎಂ ಸಡಿಲ ಇದ್ದರೆ ಮಾತ್ರ ಮೂತಿಯನ್ನು ಆಚೀಚೆ ಸರಿಸಿ ಸರಿಮಾಡಲು ಆಗುತ್ತದೆ. ಗುರುತು ಮಾಡಿದ ಮೇಲೆ ಗಿಡ್ಡ ತಂತಿ ಕಿತ್ತು ಉದ್ದದ್ದನ್ನು ಸೂಪರ್ ಗ್ಲೂ ಹಾಕಿ ಕೂರಿಸಿ, 8 ಎಂಎಂ ಹೊರಗೆ ಇರುವ ಹಾಗೆ.

ಅಂಟು ಇಲ್ಲದೆ ಕೂಡಿಸಿ ನೋಡಿ. ಮತ್ತೆ ನೋಡಿ. ನಾನು ಹತ್ತು ಸಲವಾದರೂ ನೋಡುತ್ತೇನೆ.

ಅಂಟಿಗೆ ಇಲ್ಲಿ ಸೂಪರ್ ಗ್ಲೂ ಬೇಡವೇ ಬೇಡ. ಅದು ಯೋಚಿಸೋಕೆ ಸಮಯ ಕೊಡಲ್ಲ. ನಿಧಾನವಾಗಿ ಹಿಡಿಯುವ ಅರಾಲ್ಡೈಟ್ ತೆಳುವಾಗಿ ಹಚ್ಚಿ, ಕೂಡಿಸಿ, ಹೊರಬಂದ ಅಂಟನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಆಮೇಲೆ ಮೂರು ಕಡೆಯಿಂದ ನೋಟ.

ಮೇಲಿನಿಂದ: ಗ್ರಾಫ್ ಹಾಳೆಯ ಮೇಲೆ ಉದ್ದ ಗೆರೆ ಎಳೆದು ಮೇಜಿಗೆ ಅಂಟಿಸಿ. ಬಾಡಿಯನ್ನು ಅದರ ಮೇಲಿಟ್ಟು, ಬಾಲದಿಂದ ಮೂತಿಯ ತುದಿಗೆ ಹೊಲಿಗೆ ದಾರ ಬಿಗಿಯಾಗಿ ಹಿಡಿಯಿರಿ. ದಾರ, ಬೆನ್ನಿನ ಗೆರೆ, ಕ್ಯಾನೊಪಿಯ ಮಧ್ಯ ಮೂರೂ ಒಂದೇ ಸಾಲಲ್ಲಿರಬೇಕು. ಪಕ್ಕದಿಂದ: ಹೊಟ್ಟೆಯ ಕೆಳಗೆ ಸ್ಟೀಲ್ ಸ್ಕೇಲ್ ಹಿಡಿದು, ಮೂತಿ ಜೋಲು ಬಿದ್ದಿದೆಯಾ, ಮೇಲೆದ್ದಿದೆಯಾ ನೋಡಿ, ಚಿತ್ರಕ್ಕೆ ಹೋಲಿಸಿ. ಎದುರಿನಿಂದ: ಇದನ್ನೇ ಎಲ್ಲರೂ ಮರೆಯೋದು. ಮೂತಿ ತಿರುಚಿಕೊಂಡಿದ್ದರೆ ಮೇಲಿನಿಂದ, ಪಕ್ಕದಿಂದ ಗೊತ್ತೇ ಆಗಲ್ಲ. ನನ್ನದೊಂದು ಹಂಟರ್ ಇವತ್ತಿಗೂ ಪಕ್ಕದ ಮನೆ ಇಣುಕುವ ಹಾಗೆ ಎಡಕ್ಕೆ ವಾಲಿದೆ. ಮೊಬೈಲನ್ನು ಎರಡು ಮೀಟರ್ ದೂರದಲ್ಲಿಟ್ಟು ಜೂಮ್ ಮಾಡಿ ಎದುರಿನಿಂದ ಫೋಟೊ ತೆಗೆಯಿರಿ. ಬಾಲದ ರೆಕ್ಕೆ ಕ್ಯಾನೊಪಿಯ ನಟ್ಟನಡುವಿಂದ ಎದ್ದು ನೆಟ್ಟಗೆ ಕಾಣಬೇಕು. ಹತ್ತಿರದಿಂದ ತೆಗೆದ ಫೋಟೊ ಸುಳ್ಳು ಹೇಳುತ್ತದೆ.

ಸರಿಯಾದ ಮೇಲೆ ಟೇಪ್ ಹಾಕಿ, ಒಂದು ರಾತ್ರಿ ಮುಟ್ಟಬೇಡಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಸಂದು ಮುಚ್ಚುವುದು

ಪ್ಲಾಸ್ಟಿಕ್ ಒಂದು ಗಟ್ಟಿ, ರೆಸಿನ್ ಒಂದು ಗಟ್ಟಿ, ಸೂಪರ್ ಗ್ಲೂ ಒಣಗಿದರೆ ಎರಡಕ್ಕಿಂತಲೂ ಗಟ್ಟಿ. ಬೆರಳಲ್ಲಿ ಪೇಪರ್ ಹಿಡಿದು ಉಜ್ಜಿದರೆ ಮೆತ್ತಗಿರುವುದು ತಗ್ಗಾಗಿ, ಗಟ್ಟಿ ಇರುವುದು ದಿಬ್ಬವಾಗಿ ಉಳಿಯುತ್ತದೆ. ಅದಕ್ಕೇ ಪೇಪರನ್ನು ಗಟ್ಟಿ ಪಟ್ಟಿಗೆ ಅಂಟಿಸಿ ಉಜ್ಜಿ. ಐಸ್‌ಕ್ರೀಂ ಕಡ್ಡಿ ಸಾಕು.

ಸಣ್ಣ ಸಂದಿಗೆ, ಗುಳ್ಳೆ ತೂತಿಗೆ ಸೂಪರ್ ಗ್ಲೂ ಜೊತೆ ಮುಖಕ್ಕೆ ಹಚ್ಚುವ ಪೌಡರ್ ಕಲಸಿ ತುಂಬಿ. ಪೌಡರ್ ಸೇರಿದರೆ ಅಂಟು ಕಲ್ಲಾಗಲ್ಲ, ಉಜ್ಜಲು ಬರುತ್ತದೆ. ಆದರೂ ಅರ್ಧ ಗಂಟೆಯೊಳಗೆ ಉಜ್ಜಿಬಿಡಿ. ನಾಳೆ ನೋಡೋಣ ಅಂದರೆ ನಾಳೆ ಕೈ ನೋವು. ದೊಡ್ಡ ತಗ್ಗಿಗೆ ಕಾರಿನ ಪುಟ್ಟಿ, ತೆಳು ತೆಳು ಪದರ.

ಬೂದು ಪ್ರೈಮರ್ ಹೊಡೆದು, ಟೇಬಲ್ ಲ್ಯಾಂಪ್ ಬೆಳಕು ಅಡ್ಡಲಾಗಿ ಬೀಳುವ ಹಾಗೆ ಹಿಡಿದು ನೋಡಿ. ಸಂದು ಮುಚ್ಚಿತು ಅಂದುಕೊಂಡಿರುತ್ತೀರಿ. ಮುಚ್ಚಿರಲ್ಲ. ತುಂಬಿ, ಉಜ್ಜಿ, ಪ್ರೈಮರ್. ನನಗೆ ಸಾಮಾನ್ಯವಾಗಿ ನಾಲ್ಕು ಸುತ್ತು ಬೇಕು. ಉಜ್ಜುವಾಗ ಅಳಿಸಿದ ಪ್ಯಾನಲ್ ಗೆರೆಗಳನ್ನು ಗಟ್ಟಿ ಟೇಪಿನ ಅಂಚಿಗೆ ಸೂಜಿ ಹಿಡಿದು ಮತ್ತೆ ಕೊರೆಯಿರಿ. ಜೋಡಣೆಯ ಜಾಗವೇ ಪ್ಯಾನಲ್ ಗೆರೆ ಆದ್ದರಿಂದ ಅದನ್ನು ಪೂರ್ತಿ ಮುಚ್ಚಿ, ಆಮೇಲೆ ಹೊಸದಾಗಿ ಗೀರಬೇಕು. ಸಂದನ್ನೇ ಗೆರೆ ಅಂತ ಬಿಟ್ಟರೆ ಒಂದು ಕಡೆ ಅಗಲ, ಒಂದು ಕಡೆ ಸಣ್ಣ ಇರುತ್ತದೆ.

ತೂಕ

ಹಂಟರ್‌ಗೆ ಮುಂದೆ ಒಂದು ಚಕ್ರ, ರೆಕ್ಕೆಯ ಕೆಳಗೆ ಎರಡು. ಮೂತಿ ಹಗುರ ಆದರೆ ಬಾಲದ ಮೇಲೆ ಕೂತುಬಿಡುತ್ತದೆ. ರೆಸಿನ್ ಮೂತಿ ಗಟ್ಟಿಯಾಗಿದ್ದರೆ ಅದರ ಭಾರವೇ ಸಾಕು. ಟೊಳ್ಳಾಗಿದ್ದರೆ ಮೂತಿ ಕೂಡಿಸುವ ಮೊದಲೇ ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ತುಂಬಿ ಎಂ-ಸೀಲ್‌ನಲ್ಲಿ ಭದ್ರ ಮಾಡಿ. ಪರೀಕ್ಷೆ ಸುಲಭ. ಎಲ್ಲವನ್ನೂ ಟೇಪ್‌ನಲ್ಲಿ ಕೂಡಿಸಿ, ಹಿಂದಿನ ಚಕ್ರ ಬರುವ ಜಾಗದಲ್ಲಿ ಎರಡು ಬೆರಳ ಮೇಲೆ ನಿಲ್ಲಿಸಿ. ಮೂತಿ ಕೆಳಗೆ ಬೀಳಬೇಕು. ಹಾಗಂತ ತುಂಬಾ ತುರುಕಬೇಡಿ, ಮುಂದಿನ ಚಕ್ರದ ಪ್ಲಾಸ್ಟಿಕ್ ಕಾಲು ಬೇಸಿಗೆ ಬಂದಾಗ ಬಗ್ಗುತ್ತದೆ. 1/48ರಲ್ಲಿ ಮಾಡುವವರು ಕಾಲಿನೊಳಗೆ ಹಿತ್ತಾಳೆ ತಂತಿ ತೂರಿಸುವುದು ಒಳ್ಳೆಯದು.

ಕ್ಯಾನೊಪಿ

ಹೆಚ್ಚಿನ ಸೆಟ್‌ಗಳಲ್ಲಿ ಕ್ಯಾನೊಪಿ ಬಿಸಿ ಮಾಡಿ ಎಳೆದ ತೆಳು ಪಾರದರ್ಶಕ ಹಾಳೆಯದು. ಕತ್ತರಿಸುವಾಗ ಕೈ ಜಾರಿದರೆ ಮತ್ತೊಂದಿಲ್ಲ. ಮಕ್ಕಳು ಆಡುವ ಕ್ಲೇಯನ್ನು ಒಳಗೆ ಒತ್ತಿ ತುಂಬಿ. ಕ್ಯಾನೊಪಿ ಗಟ್ಟಿಯಾಗಿ ನಿಲ್ಲುತ್ತದೆ, ಬ್ಲೇಡಿಗೆ ಹೊರಗೆರೆಯೂ ಎದ್ದು ಕಾಣುತ್ತದೆ. ಹೊಸ ಬ್ಲೇಡ್ ಹಾಕಿ ಹಗುರವಾಗಿ ಹದಿನೈದು ಇಪ್ಪತ್ತು ಸಲ ಗೀರಿ. ಒಂದೇ ಸಲಕ್ಕೆ ತುಂಡು ಮಾಡುವ ಆಸೆ ಬೇಡ. ಗೆರೆಯ ಹೊರಗೇ ಕತ್ತರಿಸಿ, ಉಳಿದದ್ದನ್ನು ಉಜ್ಜಿ ಇಳಿಸಿ.

ಅಂಟಿಸಲು ಫೆವಿಕಾಲ್. ಸೂಪರ್ ಗ್ಲೂವಿನ ಹೊಗೆ ಗಾಜಿನ ಒಳಗೆ ಬಿಳಿ ಮಂಜಿನ ಹಾಗೆ ಕೂರುತ್ತದೆ. ಮುಚ್ಚಿದ ಮೇಲೆ ಒರೆಸೋಕೆ ದಾರಿಯೇ ಇಲ್ಲ. ಒಳಗೆ ಸೂಪರ್ ಗ್ಲೂ ಹಾಕಿ ಸೀಟು ಅಂಟಿಸಿದ್ದರೆ ಒಂದು ದಿನ ಬಿಟ್ಟು ಕ್ಯಾನೊಪಿ ಹಾಕಿ. ನಿಜವಾದ ವಿಮಾನದಲ್ಲಿ ಕ್ಯಾನೊಪಿ ಹಿಂದೆ ಕೀಲು ಇಟ್ಟು ಮೇಲಕ್ಕೆ ತೆರೆಯುತ್ತದೆ. ತೆರೆದಿಟ್ಟರೆ ನೀವು ಕಷ್ಟಪಟ್ಟ ಎರಡು ಸೀಟೂ ಕಾಣುತ್ತವೆ, ಅಂಚು ಸ್ವಲ್ಪ ಹೊಂದದಿದ್ದರೂ ಮುಚ್ಚಿಹೋಗುತ್ತದೆ. ನಾನು ತೆರೆದೇ ಇಡುತ್ತೇನೆ. ಯಾಕೆ ಅಂತ ಕೇಳಬೇಡಿ.

ಬಣ್ಣ

ಉಳಿದದ್ದು ಯಾವುದೇ ಹಂಟರ್ ಮಾಡಿದ ಹಾಗೇ. ಮೇಲೆ ಬ್ರಿಟಿಷ್ ಡಾರ್ಕ್ ಗ್ರೀನ್ ಮತ್ತು ಡಾರ್ಕ್ ಸೀ ಗ್ರೇ. ಹಂಬ್ರೋಲ್‌ನಲ್ಲಿ 163 ಮತ್ತು 164. ಕೆಳಭಾಗದ ಬಣ್ಣ ಮತ್ತು ಗುರುತುಗಳಿಗೆ ಎದುರಿಗಿಟ್ಟ ಫೋಟೊ ಹೇಳಿದ ಹಾಗೆ ನಡೆಯಿರಿ. ಸರಣಿ ಸಂಖ್ಯೆಯಲ್ಲಿ ಒಂದು ಸೀಟಿನವಕ್ಕೆ ಬಿಎ, ಜೋಡಿ ಸೀಟಿನವಕ್ಕೆ ಬಿಎಸ್ ಅಕ್ಷರ. ಕಿಟ್‌ನ ಡಬ್ಬಿಯಲ್ಲಿ ಬಂದ ಬಿಎ ಡೆಕಾಲ್ (ಮೈಮೇಲೆ ಅಂಟಿಸುವ ಗುರುತಿನ ಪಟ್ಟಿ) ಹಾಗೇ ಅಂಟಿಸಿಬಿಟ್ಟರೆ ಇಷ್ಟು ಕೊಯ್ದು ಕೂಡಿಸಿದ್ದೂ ದಂಡ.

ಕೊಯ್ದ ಹಳೇ ಮೂತಿ ಎಸೆಯಬೇಡಿ. ಪ್ರೈಮರ್ ಹಿಡಿಯುತ್ತದಾ, ಹಸಿರು ಜಾಸ್ತಿ ಕಪ್ಪಾಯಿತಾ, ವಾರ್ನಿಷ್ ಬೆಳ್ಳಗಾಗುತ್ತದಾ ಅಂತ ಮೊದಲು ಅದರ ಮೇಲೆ ಹೊಡೆದು ನೋಡಿ. ನನ್ನ ಹತ್ತಿರ ಈಗ ಅಂಥವು ಐದಿವೆ, ಬಿಸ್ಕತ್ತಿನ ಡಬ್ಬಿಯಲ್ಲಿ.